ಹಣಮಂತಪ್ಪನಿಗೆ ನಾನು ಕೊಟ್ಟ ದನಿ

ಪ್ರೊಜೆಕ್ಟರಿನ ಬಲ್ಬು ಸುಟ್ಟುಹೋಗಬಹುದಿತ್ತು. ಟೇಪು ಸಿಕ್ಕಿಕೊಂಡು ಶಾವಿಗೆಯಂತೆ ಹೊರಬರಬಹುದಿತ್ತು. ಸ್ಲೈಡು ತಲೆಕೆಳಗಾಗಿ ಕೋಥರೂಡ ಬಡಾವಣೆಯ ಹೊಸ ಕಟ್ಟಡಗಳೆಲ್ಲ ಆಕಾಶದಿಂದ ಜೋತಾಡಬಹುದಿತ್ತು. ಮುಂಬಯಿಯಿಂದ ಬರುವ ಪರೀಕ್ಷಕರು ಘಾಟಿನಲ್ಲೇ ಸಿಕ್ಕಿಬೀಳಬಹುದಿತ್ತು. ಬಂದರೂ ಊಟವಾದ ಮೇಲೆ ಕತ್ತಲೆ ಕೋಣೆಯಲ್ಲಿ ನಿದ್ದೆಹೋಗಬಹುದಿತ್ತು. ಇವಿಷ್ಟನ್ನೂ ನಾನು ತಿಂಗಳಿನಿಂದ ಸರದಿಯ ಮೇಲೆ ಚಿಂತಿಸಿ ಮುಗಿಸಿದ್ದೆ. ನಮ್ಮ ಕಾಲೇಜಿನಲ್ಲಿ ಸಮೂಹ ಸಂವಹನದ ಕೋರ್ಸು ಹೊಸದು. ಕೊನೆಯ ವರ್ಷದ ಮಕ್ಕಳು ಕಲಿತದ್ದನ್ನೆಲ್ಲ ಒಂದೇ ಪ್ರಾಜೆಕ್ಟಿನಲ್ಲಿ ಮಾಡಿ ತೋರಿಸಬೇಕು. "ಈ ಸಲ ಮಾನ ಹೋದರೆ ಕೋರ್ಸು ಮುಚ್ಚಿ ನಿಮ್ಮನ್ನು ಮತ್ತೆ ಇಂಗ್ಲಿಷ್ ವ್ಯಾಕರಣಕ್ಕೆ ಕಳಿಸ್ತೇನೆ" ಎಂದು ಪ್ರಿನ್ಸಿಪಾಲರು ಚಹಾ ಕೊಟ್ಟು ಪ್ರೀತಿಯಿಂದಲೇ ಹೇಳಿದ್ದರು.

ನನ್ನ ವಿದ್ಯಾರ್ಥಿನಿ ಸುಲಭಾ ಆರಿಸಿಕೊಂಡದ್ದು, ನಮ್ಮ ಕನ್ನಡ ಸೀಮೆಯ ಕಡೆಯಿಂದ ಈ ಮರಾಠಿ ಊರಿಗೆ ಕಟ್ಟಡದ ಕೆಲಸಕ್ಕೆ ಬಂದವರ ಬದುಕು. "ಮನಿ ಕಟ್ಟತೀವ್ರಿ, ಬಾಗಲಾ ಹಚ್ಚಿದ ದಿನದಿಂದ ಒಳಗ ಬಿಡಂಗಿಲ್ಲ" ಎಂದ ಗೋಡೆ ಕಟ್ಟುವ ಗೌಂಡಿ ಹಣಮಂತಪ್ಪ. ಪರೀಕ್ಷಕರಿಗೆ ತಿಳಿಯಲೆಂದು ಅವನ ಕನ್ನಡದ ಬದಲು ಟೇಪಿನಲ್ಲಿ ಯಾರಾದರೂ ಮರಾಠಿಯಲ್ಲಿ ಹೇಳಬೇಕಿತ್ತು. ಬೇರೆಯವರು ಕೆಡಿಸಿಯಾರೆಂಬ ಚಿಂತೆಗೆ ನಾನೇ ಹೇಳಿದೆ. "ನೀವ್ ಬ್ಯಾಡ್ರಿ, ನಿಮ್ಮ ಮರಾಠಿ ಕೇಳಿ ಕಾಯಿಪಲ್ಲೆ ಮಾರಾಕಿನೂ ನಗ್ತಾಳ" ಎಂದಿದ್ದಳು ಹೆಂಡತಿ. ಅವಳಿಗೇನು ಗೊತ್ತು! ಶುದ್ಧ ಮರಾಠಿಗೆ ಹೆಸರಾದ ಸದಾಶಿವ ಪೇಟೆಯವರೂ ನನ್ನನ್ನು ತಮ್ಮವನೆಂದೇ ತಿಳಿಯುತ್ತಾರೆಂದು ಇಪ್ಪತ್ತು ವರ್ಷ ನಂಬಿಕೊಂಡು ಈ ಊರಲ್ಲಿ ತಲೆಯೆತ್ತಿ ನಡೆದವನು ನಾನು.

ಆ ದಿನ ಬಲ್ಬು ಉರಿಯಿತು, ಟೇಪು ತಿರುಗಿತು, ಕಟ್ಟಡಗಳು ನೆಲದ ಮೇಲೆಯೇ ನಿಂತವು. ಪರೀಕ್ಷಕರು ಎಚ್ಚರವಾಗಿಯೇ ಇದ್ದು ಸುಲಭಾಗೆ ಫಸ್ಟ್ ಕ್ಲಾಸಿನ ಅಂಕ ಬರೆದರು. ಕೋರ್ಸು ಉಳಿಯಿತು. ನಾನು ಉಸಿರು ಬಿಡುವಷ್ಟರಲ್ಲಿ ಅವರು ಕೇಳಿದರು: "ಆ ಗೌಂಡಿಯ ಮರಾಠಿ ಎಷ್ಟು ಸಹಜವಾಗಿತ್ತು! ಆ ಒರಟು, ಆ ಎಳೆತ! ಅವನನ್ನು ಹೇಗಮ್ಮ ಮಾತಾಡಿಸಿದೆ?"

ಸುಲಭಾ ಸತ್ಯವಂತೆ. "ಅವರಿಗೆ ಮರಾಠಿ ಬರೋದಿಲ್ಲ. ಆ ದನಿ ನಮ್ಮ ಸರ್‌ದು."

ಅದುವರೆಗೆ ನಾನು ಪರೀಕ್ಷಕರೊಡನೆ ಆಡಿದ್ದೆಲ್ಲ ಇಂಗ್ಲಿಷು. ಅವರು ಎದ್ದು ಬಂದು ನನ್ನ ಕೈ ಕುಲುಕಿದರು. "ಎಂಥ ಅನುಕರಣೆ! ಎಷ್ಟು ದಿನದ ಅಭ್ಯಾಸ?"

"ಇಪ್ಪತ್ತು ವರ್ಷದ್ದು" ಎಂದೆ, ನನ್ನ ಅತ್ಯಂತ ಶುದ್ಧ ಮರಾಠಿಯಲ್ಲಿ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಾಕು, ಸಾಕು! ಪ್ರದರ್ಶನ ಮುಗೀತು ಸರ್, ಇನ್ನಾದರೂ ನಿಮ್ಮ ಸ್ವಂತ ದನಿಯಲ್ಲಿ ಮಾತಾಡಿ."