ತಲೆಕೆಳಗಾದ ಪ್ರಯಾಣದ ಕಲ್ಲು

ಭವಿಷ್ಯ ಹೇಳುವುದು ಇಷ್ಟು ಸುಲಭವೆಂದು ಮೊದಲೇ ಗೊತ್ತಿದ್ದರೆ ನಾನು ಬ್ಯಾಂಕಿಗೆ ಸೇರುತ್ತಲೇ ಇರಲಿಲ್ಲ! ಧಾರವಾಡದಿಂದ ಕಾಶಿಗೆ ವರ್ಗವಾಗಿ ಬಂದವನು ಗೋದೌಲಿಯಾದ ಬೀದಿಯಲ್ಲಿ ಒಂದು ಚೀಲ ರೂನ್ ಕಲ್ಲು ಕೊಂಡೆ. ಯುರೋಪಿನ ಹಳೆಯ ಅಕ್ಷರ ಕೊರೆದ ಕಲ್ಲುಗಳು; ಒಂದೊಂದು ಅಕ್ಷರಕ್ಕೆ ಒಂದೊಂದು ವಿಷಯ. ಕಣ್ಣು ಮುಚ್ಚಿ ಒಂದನ್ನು ತೆಗೆಯಬೇಕು. ಅಕ್ಷರ ನೆಟ್ಟಗಿದ್ದರೆ ಶುಭ, ತಲೆಕೆಳಗಾಗಿದ್ದರೆ ವಿಘ್ನ. ಇಷ್ಟೇ ಶಾಸ್ತ್ರ!

ಅಂದು ನನ್ನ ಹೆಂಡತಿ ಶಾರದಾ ತಂಗಿಯ ಕುಬಸಕ್ಕೆ ಊರಿಗೆ ಹೊರಟಿದ್ದಳು. ಚೊಚ್ಚಲ ಬಸುರಿಗೆ ಉಡಿಸಲು ಹಸಿರು ಬನಾರಸಿ ಸೀರೆ ಪೆಟ್ಟಿಗೆಯಲ್ಲಿತ್ತು. ಅವಳನ್ನು ರೈಲು ಹತ್ತಿಸುವ ಕೆಲಸ ನನ್ನದು. ಜವಾಬ್ದಾರಿಯುತ ಪತಿಯಾಗಿ ಒಂದು ಕಲ್ಲು ತೆಗೆದೆ. ಪ್ರಯಾಣದ ಕಲ್ಲೇ ಬಂತು. ತಲೆಕೆಳಗಾಗಿ!

"ಇವತ್ತು ಹೋಗೂದು ಬ್ಯಾಡ," ಎಂದೆ.

ಎದುರಿಗೆ ಕೂತಿದ್ದ ಶಾರದಾ ಬಗ್ಗಿ ನೋಡಿದಳು. "ನನ್ನ ಕಡಿಂದ ನೆಟ್ಟಗ ಐತಲ್ರೀ! ಹೋಗಾಕಿ ನಾನು. ನಡೀರಿ."

ಮಾತು ನ್ಯಾಯವಾಗಿಯೇ ಇತ್ತು. ಆದರೆ ಹಿಡಿದ ಕೆಲಸ ಬಿಡುವ ಜಾಯಮಾನ ನನ್ನದಲ್ಲ. ಯಾರ ಕಡೆಯೂ ಬೇಡವೆಂದು, ಕಲ್ಲನ್ನು ಅಲ್ಲೇ ಬಿಟ್ಟು ಪೂರ್ವಕ್ಕೆ ತಿರುಗಿ ಕೂತೆ. ಅಕ್ಷರ ಅಡ್ಡ ಬಿತ್ತು! ಅಡ್ಡ ಬಿದ್ದರೇನು ಅರ್ಥವೆಂದು ಮೊಬೈಲಿನಲ್ಲಿ ಹುಡುಕಿದೆ, ಸಿಗಲಿಲ್ಲ. ಶಾರದಾ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಹಲ್ಲು ಕಡಿಯುತ್ತಿದ್ದಳು. ನಾನು ಕೆಳಮನೆಯ ಪುರೋಹಿತ ಭಟ್ಟರನ್ನು ಕರೆತಂದೆ.

"ಸ್ವಾಮೀ, ಕಾಶಿಯಲ್ಲಿ ಗಂಗೆಯೇ ತಿರುಗಿ ಉತ್ತರಕ್ಕೆ ಹರೀತಾಳೆ," ಎಂದರು ಭಟ್ಟರು. "ಅದಕ್ಕೇ ಮಹಿಮೆ ಹೆಚ್ಚು. ಇಲ್ಲಿ ಉಲ್ಟಾ ಆದದ್ದೇ ಶುಭ. ಮೊದಲು ಹೊರಡಿ!"

ಸಂಶಯ ತೀರಿತು, ಹೊರಟೆವು. ಗೋದೌಲಿಯಾದಲ್ಲಿ ಇ-ರಿಕ್ಷಾ ನಿಂತೇಬಿಟ್ಟಿತು. "ಜಾಮ್ ಹೈ, ಬಾಬೂಜಿ," ಎಂದು ಚಾಲಕ ಪಾನ್ ಬಾಯಿಗೆ ಹಾಕಿಕೊಂಡ. ನಾವು ಸ್ಟೇಷನ್ ಮುಟ್ಟಿದಾಗ ರೈಲಿನ ಕೊನೆಯ ಡಬ್ಬಿ ಮಾತ್ರ ಕಾಣುತ್ತಿತ್ತು.

"ನೋಡಿದ್ಯಾ? ಕಲ್ಲು ಹೇಳಿದ್ದು ಖರೇ ಆತು!" ಎಂದು ಸಂತೋಷದಿಂದ ಕೂಗಿದೆ.

ಕೂಗಬಾರದಿತ್ತು!

ಶಾರದಾ ಪೆಟ್ಟಿಗೆಯ ಮೇಲೆ ಕೂತು ಕಣ್ಣೊರೆಸಿಕೊಂಡಳು. ಬೇರೆ ರೈಲಿಗೆ ಟಿಕೆಟ್ ಸಿಗಲಿಲ್ಲ. ಸೀರೆ ಕೊರಿಯರ್‌ನಲ್ಲಿ ಹೋಯಿತು, ಕುಬಸವನ್ನು ಅವಳು ಫೋನಿನಲ್ಲಿ ನೋಡಿದಳು.

ಆಮೇಲೆ ತೀರ್ಪು ಬಂತು. "ಕಾಶಿಗೆ ಬಂದವರು ಇಷ್ಟದ್ದೊಂದು ಬಿಡಬೇಕು. ನೀವು ಬಂದ ಕೂಡ್ಲೇ ಹಾಗಲಕಾಯಿ ಬಿಟ್ರಿ. ಅದು ನಿಮಗ ಯಾವಾಗ ಸೇರತಿತ್ತು? ಈಗ ಕಲ್ಲು ಬಿಡ್ರಿ, ಹಾಗಲಕಾಯಿ ತಿನ್ರಿ!"

"ಬಿಟ್ಟದ್ದನ್ನ ಮತ್ತ ತಿಂದ್ರ ಉಲ್ಟಾ ಆತಲ್ಲ?"

"ಇಲ್ಲಿ ಉಲ್ಟಾನ ಶುಭ ಅಂತ ಭಟ್ಟರ ಹೇಳ್ಯಾರಲ್ಲ!"

ಕಲ್ಲುಗಳು ಈಗ ಭಟ್ಟರ ತುಳಸಿ ಕುಂಡದಲ್ಲಿವೆ. ನಿನ್ನೆ ಊಟಕ್ಕೆ ಕೂತು, ಹಟ ಬಿಡದೆ, ತಟ್ಟೆಯನ್ನು ಮೆಲ್ಲಗೆ ಪೂರ್ತಿ ಒಂದು ಸುತ್ತು ತಿರುಗಿಸಿದೆ. ನನ್ನ ಕಡೆಯಿಂದಲೂ ಹಾಗಲಕಾಯಿ, ಅವಳ ಕಡೆಯಿಂದಲೂ ಹಾಗಲಕಾಯಿ!