ಹೊಟ್ಟೆಗೆ ಹಾಕಿಕೊಂಡ ಕೇಕು

ಮುದ್ರಣಾಲಯದ ಫ್ಯಾನು ಬೆಳಗ್ಗೆಯೇ ಕೆಟ್ಟು ಕೂತಿತು. ಕರಡು ತಿದ್ದುವ ಮೇಷ್ಟ್ರು ಸೆಕೆ ತಾಳಲಾರದೆ ಕಿಟಕಿ ಪಕ್ಕದ ಮೇಜಿಗೆ ಬಂದರು. ಅಲ್ಲಿ ಪುಸ್ತಕ ಹೊಲಿಯುತ್ತಿದ್ದ ಬೈಂಡಿಂಗ್ ಅಕ್ಕ, "ನೀವು ಕೂತ್ಕೊಳ್ಳಿ, ನಂಗೆ ನೆಲವೇ ಸಲೀಸು" ಎಂದು ಜಾಗ ಬಿಟ್ಟುಕೊಟ್ಟಳು. ಮೇಷ್ಟ್ರು ನೀರು ಕುಡಿದು, ಅಕ್ಕ ಒಳಗಿಂದ ದಾರ ತಂದು ಬರುವಷ್ಟರಲ್ಲಿ ಮೇಜಿನ ಮೇಲೊಂದು ಡಬ್ಬಿ. ಒಳಗೆ ಕೇಕು. ಮುಚ್ಚಳದ ಮೇಲೆ ಚೀಟಿ: "ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ."

ಅಕ್ಷರ ನೋಡಿದರೆ ಮಿಷನ್ ಮಾಮನದು! ಮೇಷ್ಟ್ರು ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು.

ಹನ್ನೊಂದು ತಿಂಗಳ ಹಿಂದೆ ಅಚ್ಚಿನ ಯಂತ್ರ ನಡೆಸುವ ಈ ಮಾಮ ಮಾಲೀಕರ ಎದುರಲ್ಲೇ, "ಮೇಷ್ಟ್ರಿಗೆ ಕಣ್ಣಿರೋದು ಕನ್ನಡಕಕ್ಕೊಂದು ಕೆಲಸ ಸಿಗಲಿ ಅಂತ" ಎಂದಿದ್ದ. ಎಲ್ಲರೂ ನಕ್ಕಿದ್ದರು. ಹದಿನೆಂಟು ವರ್ಷ ಒಂದೇ ಬೆಂಚಿನ ಮೇಲೆ ಬುತ್ತಿ ಬಿಚ್ಚಿದವರಿಬ್ಬರೂ ಅಂದಿನಿಂದ ಮಾತು ಬಿಟ್ಟರು. ಮೇಷ್ಟ್ರು ಗೋಡೆಗೆ ಮುಖ ಮಾಡಿ ಉಣ್ಣತೊಡಗಿದರು. ಗೋಡೆ ಒಳ್ಳೆಯದೇ, ಆದರೆ ಮಾತಿಗೆ ಹ್ಞೂಂ ಅನ್ನುವುದಿಲ್ಲ.

"ತಿನ್ನಿ ಅಂತ ಬರ್ದಿದಾನೆ, ಅಷ್ಟೇ" ಎಂದ ಗುಮಾಸ್ತ, ಚೀಟಿಯೊಳಗೆ ಮೂಗು ತೂರಿಸಿ.

"ಎರಡಕ್ಷರದ 'ತಿನ್ನಿ' ಬಿಟ್ಟು ಏಳಕ್ಷರ ಯಾಕ್ರೀ ಬರೀತಾನೆ? ಅದೂ ದಯವಿಟ್ಟು ಅಂತ!" ಎಂದರು ಮೇಷ್ಟ್ರು.

"ಕ್ಷಮೆನೇ ಕೇಳಿರೋದು" ಎಂದಳು ಅಕ್ಕ. "ನಂಗಂತೂ ಯಾರೂ ಹೀಗೆ ಕೇಕು ಕೊಟ್ಟು ಕೇಳಿಲ್ಲಪ್ಪ. ಒಂದು ತುಂಡು ಇತ್ಲಾಗೆ ಬರ್ಲಿ."

ಕೇಕು ಬಾಯಲ್ಲಿ ಕರಗುತ್ತಿದ್ದಂತೆ ಮೇಷ್ಟ್ರಿಗೆ ಸೋಜಿಗವಾಯಿತು. ಇಷ್ಟು ದಿನ ಜೋಪಾನ ಮಾಡಿದ್ದ ಸಿಟ್ಟು ಎಲ್ಲಿದೆ ಎಂದು ಒಳಗೆಲ್ಲ ತಡಕಿದರು, ಸಿಗಲಿಲ್ಲ. ಮೂರನೆಯ ತುಂಡಿನ ಹೊತ್ತಿಗೆ ಬೇರೊಂದು ಚುಚ್ಚತೊಡಗಿತು. ಇಂಥ ಒಳ್ಳೆಯವನಿಗೆ ತಾನು ಹಾಗೆ ಮಾಡಬಾರದಿತ್ತು.

ನೇರ ಮಿಷನ್ ಕೋಣೆಗೆ ನುಗ್ಗಿ ಮಾಮನನ್ನು ತಬ್ಬಿಕೊಂಡರು. ಮಾಮ ಮಸಿಯ ಕೈಗಳನ್ನು ಮೇಲೆತ್ತಿ ಪೊಲೀಸರಿಗೆ ಸಿಕ್ಕವನಂತೆ ನಿಂತ.

"ಹೊಟ್ಟೆಗೆ ಹಾಕ್ಕೊಂಡೆ ಕಣೋ, ಎಲ್ಲಾ ಹಾಕ್ಕೊಂಡೆ! ಈಗ ನೀನೂ ನಂದೊಂದು ಹಾಕ್ಕೋ. ಆ ಸಿಟ್ಟಲ್ಲಿ ನಾನು ಮಾಲೀಕರ ಹತ್ರ ಹೋಗಿ, ಮಾಮಂಗೆ ಕೈ ನಡುಗುತ್ತೆ, ಫೋರ್‌ಮನ್ ಮಾಡ್ಬೇಡಿ ಅಂದ್ಬಿಟ್ಟೆ."

ಮಾಮ ಎತ್ತಿದ ಕೈಗಳನ್ನು ಇಳಿಸಿದ. "ಅದು ನೀವಾ? ನಂಗೆ ಆ ಕೆಲ್ಸ ತಪ್ಪಿಸಿದ್ದು ಮಾಲೀಕರ ಭಾವಮೈದ ಅಂದ್ಕೊಂಡಿದ್ದೆ."

"ನಿನ್ನ ಕೇಕು ತಿಂದ್ಮೇಲೆ ಮುಚ್ಚಿಡೋಕೆ ಮನಸ್ಸಾಗ್ಲಿಲ್ಲ ಕಣೋ."

"ಕೇಕಾ? ಅದು ಅಕ್ಕಂಗೆ ತಂದಿದ್ದು! ನಿನ್ನೆ ಅವಳ ಮುನ್ನೂರು ಹಾಳೆ ಅಡ್ಡಾದಿಡ್ಡಿ ಕತ್ತರಿಸಿ ಹಾಕಿದ್ದೆ. ಅವಳು ನೋಡೋಕೆ ಮುಂಚೆ ಸಮಾಧಾನ ಮಾಡೋಣ ಅಂತ ಅವಳ ಮೇಜಿನ ಮೇಲಿಟ್ಟೆ."

ಮೇಷ್ಟ್ರು ಗಾಬರಿಯಿಂದ ತಮ್ಮ ಸಿಟ್ಟನ್ನು ವಾಪಸ್ ಕರೆದು ನೋಡಿದರು. ಬರಲಿಲ್ಲ. ಬೇರೆಯವರ ಕೇಕಾದರೂ ಅದು ತನ್ನ ಕೆಲಸ ಮಾಡಿ ಮುಗಿಸಿತ್ತು.

"ಆದ್ರೂ ಕ್ಷಮಿಸ್ತೀಯ ಅಲ್ವಾ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

ಮಾಮ ರೇಗಲಿಲ್ಲ. ಬಟ್ಟೆ ತೆಗೆದುಕೊಂಡು, ತಬ್ಬಿಕೊಂಡಾಗ ತನ್ನ ಅಂಗಿಯಿಂದ ಮೇಷ್ಟ್ರ ಅಂಗಿಗೆ ಅಂಟಿದ್ದ ಮಸಿಯನ್ನು ನಿಧಾನವಾಗಿ ಒರೆಸಿದ.

"ಖಂಡಿತ ಕ್ಷಮಿಸ್ತೀನಿ ಮೇಷ್ಟ್ರೇ. ಆದ್ರೆ ಮೊದ್ಲು ನೆಟ್ಟಗೆ ಸಿಟ್ಟು ಮಾಡ್ಕೊಳ್ಳೋಕೆ ಬಿಡಿ. ವಿಷಯ ಈಗ ತಾನೇ ಗೊತ್ತಾಗಿದ್ದು."