ಚಿಕ್ಕಪ್ಪನ ಇಟಾಲಿಯನ್, ಬೀಗಿತ್ತಿಯ ಸೌಟು

ನಮ್ಮ ಚಿಕ್ಕಪ್ಪನಿಗೆ ಇಟಾಲಿಯನ್ ಭಾಷೆ ನೀರು ಕುಡಿದಷ್ಟು ಸುಲಭ. ಇದನ್ನು ಒಪ್ಪದವರು ಎರಡೇ ಪಂಗಡ: ಒಂದು ನಮ್ಮ ಚಿಕ್ಕಮ್ಮ, ಇನ್ನೊಂದು ಇಟಲಿಯವರು!

ಧಾರವಾಡದಿಂದ ಬಂದು, ಲಾಸ್ ಏಂಜಲೀಸ್ ಮಗ್ಗುಲಿನ ಡೈಮಂಡ್ ಬಾರ್‌ನಲ್ಲಿ ಮೂವತ್ತು ವರ್ಷ ಕಳೆದರೂ ಇಂಗ್ಲಿಷನ್ನು ಧಾರವಾಡದ ಧಾಟಿಯಲ್ಲೇ ಆಡುವ ಮನುಷ್ಯ, ಅರವತ್ತೇಳನೆಯ ವಯಸ್ಸಿನಲ್ಲಿ ಹೊಸ ಭಾಷೆಗೆ ಕೈ ಹಾಕಿದ್ದಕ್ಕೆ ಕಾರಣ ಒಂದು ತಟ್ಟೆ ಪಾಸ್ತಾ. ಅವರ ಒಬ್ಬಳೇ ಮಗಳು ಸ್ಯಾನ್ ಡಿಯೇಗೋದ ಇಟಾಲಿಯನ್ ಮನೆಯ ಹುಡುಗನನ್ನು ಮದುವೆಯಾದಳು. ಹುಡುಗನ ತಾಯಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಬೀಗರ ಮನೆಯ ಮೊದಲ ಊಟದಲ್ಲಿ ಆಕೆ ಪಾಸ್ತಾ ಬಡಿಸಲು ಬಂದಾಗ ಚಿಕ್ಕಪ್ಪ ತಟ್ಟೆಗೆ ಅಂಗೈ ಅಡ್ಡ ಹಿಡಿದು "ನೋ, ನೋ" ಎಂದರು. ಬೀಗರೆಂದ ಮೇಲೆ ಮೊದಲ ಸಲವೇ ಹೂಂ ಅನ್ನುವುದುಂಟೇ? ಎರಡು ಸಲ ಬೇಡವೆನ್ನಬೇಕು, ಮೂರನೆಯ ಸಲ ಅವರು ಒತ್ತಾಯ ಮಾಡಿ ಸುರಿಯಬೇಕು, ಆಮೇಲೆ ಹೊಟ್ಟೆ ಬಿರಿಯೆ ಉಣ್ಣಬೇಕು. ಆದರೆ ಪಾತ್ರೆ ಹಿಡಿದು ಒಳಗೆ ಹೋದ ಆಕೆ ಮತ್ತೆ ಬರಲೇ ಇಲ್ಲ. ಚಿಕ್ಕಪ್ಪ ಬರಿಹೊಟ್ಟೆಯಲ್ಲಿ ಮನೆಗೆ ಮರಳಿ ಅವಲಕ್ಕಿ ತಿಂದರು.

ಮರುದಿನ ಮಗಳ ಫೋನ್. "ಅಪ್ಪಾ, ಶಿ ಈಸ್ ಸ್ಟಿಲ್ ಕ್ರೈಯಿಂಗ್. ಶಿ ಥಿಂಕ್ಸ್ ಯೂ ಡೋಂಟ್ ಲೈಕ್ ದೆಮ್."

ಚಿಕ್ಕಪ್ಪನ ಮುಖ ಸಣ್ಣದಾಯಿತು. ಮಗಳು ಬಾಳಬೇಕಾದ ಮನೆ ಅದು. "ಅವರ ಭಾಷಾದಾಗ ನಾನ ಮಾತಾಡಿ ಸರಿ ಮಾಡ್ತೀನಿ" ಎಂದು ಫೋನಿಗೆ ಇಟಾಲಿಯನ್ ಕಲಿಸುವ ಆ್ಯಪ್ ಹಾಕಿಸಿಕೊಂಡರು.

ಅಲ್ಲಿಂದ ಶುರುವಾಯಿತು ಚಿಕ್ಕಮ್ಮನ ವನವಾಸ. ಅಡುಗೆಮನೆಗೆ ಒಂದೇ ಥರದ ಹೊಸ ಡಬ್ಬಿಗಳು ಬಂದವು, ಅವುಗಳ ಮೇಲೆ ಇಟಾಲಿಯನ್ ಚೀಟಿಗಳು ಬಂದವು, ವಾರದೊಳಗೆ ಸಾರಿಗೆ ಉಪ್ಪಿನ ಬದಲು ಸಕ್ಕರೆ ಬಿತ್ತು. ಚಿಕ್ಕಪ್ಪ ಮುಖ ಕಿವುಚಿದಾಗ ಚಿಕ್ಕಮ್ಮ, "ಇಟಲಿ ಸಾರ ಹಿಂಗ ಇರತದ. ಸುಮ್ನ ಉಣ್ರಿ" ಎಂದರು.

ಗ್ಲೆಂಡೇಲ್‌ನ ಗೆಳೆಯರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಊಟದ ನಂತರ ಕಾಫಿ ಬಂತು. ಮಧ್ಯಾಹ್ನದ ಮೇಲೆ ಹಾಲು ಬೆರೆಸಿದ ಕಾಫಿ ಕುಡಿಯುವವರನ್ನು ಇಟಲಿಯಲ್ಲಿ ಮನುಷ್ಯರೆಂದೇ ಎಣಿಸುವುದಿಲ್ಲ ಎಂದು ಚಿಕ್ಕಪ್ಪ ಭಾಷಣ ಬಿಗಿದರು. ಭಾಷಣ ಮುಗಿಯುವಾಗ ಅವರ ಕೈಯಲ್ಲಿದ್ದದ್ದು ಎರಡನೆಯ ಲೋಟ.

ಎಂಟು ತಿಂಗಳ ನಂತರ ಬೀಗರ ಮನೆಗೆ ಮತ್ತೆ ಊಟದ ಕರೆ ಬಂತು. ಕಾರಿಗೆ ಸಾರಥಿ ನಾನು. ದಾರಿ ಹೇಳುವ ಮ್ಯಾಪ್‌ನ ಹೆಣ್ಣುದನಿಯನ್ನು ಚಿಕ್ಕಪ್ಪ ಇಟಾಲಿಯನ್‌ಗೆ ಬದಲಾಯಿಸಿ, "ಆಕಿ ಹೇಳಿದ್ದು ನಾ ಹೇಳ್ತೀನಿ, ನೀ ಸುಮ್ನ ಡ್ರೈವ್ ಮಾಡು" ಎಂದರು. ಸುಮ್ಮನೆ ಮಾಡಿದೆ. ಸ್ಯಾನ್ ಡಿಯೇಗೋ ಬಂತು, ಹೋಯಿತು, ಕೊನೆಗೆ ಅಮೆರಿಕದ ಕಟ್ಟಕಡೆಯ ಎಕ್ಸಿಟ್ ಇದು ಎಂಬ ಬೋರ್ಡು ಕಂಡಿತು. ಅದರಾಚೆ ಮೆಕ್ಸಿಕೋ!

"ನನ್ನ ಇಟಾಲಿಯನ್ ಬರೋಬ್ಬರಿ ಅದ" ಎಂದರು ಚಿಕ್ಕಪ್ಪ. "ರಸ್ತೆನ ತಪ್ಪ್ಯದ."

ಅಂತೂ ತಡವಾಗಿ ಊಟಕ್ಕೆ ಕೂತೆವು. ಈ ಸಲ ಮೊದಲ ಬಾರಿಗೇ "ಸೀ, ಗ್ರಾತ್ಸಿಯೆ", ಅಂದರೆ ಹೂಂ, ಧನ್ಯವಾದ ಎನ್ನಬೇಕೆಂದು ದಾರಿಯುದ್ದಕ್ಕೂ ಜಪ ನಡೆದಿತ್ತು. ಬೀಗಿತ್ತಿ ಸೌಟು ಹಿಡಿದು ಬಂದರು. ಚಿಕ್ಕಪ್ಪನ ಅಂಗೈ ತಾನಾಗಿಯೇ ತಟ್ಟೆಗೆ ಅಡ್ಡ ಬಂತು.

"ಬ್ಯಾಡ್ರಿ, ಬ್ಯಾಡ್ರಿ."

ಎಂಟು ತಿಂಗಳ ವಿದ್ಯೆ ಎಲ್ಲಿ ಹೋಯಿತೋ! ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡರು. ಆದರೆ ಬೀಗಿತ್ತಿ ಒಳಗೆ ಹೋಗಲಿಲ್ಲ. ಸೊಸೆಯ ಕಡೆ ನೋಡಿ, "ಊನೋ" ಎಂದು ಎಣಿಸಿದರು. ಮತ್ತೆ ಸೌಟು ಚಾಚಿದರು. ಚಿಕ್ಕಪ್ಪ ಮತ್ತೆ ಬೇಡವೆಂದರು. "ದುವೆ." ಮೂರನೆಯ ಸಲ ಆಕೆ ಚಿಕ್ಕಪ್ಪನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ "ತ್ರೆ!" ಎಂದು ತಟ್ಟೆ ತುಂಬ ಸುರಿದರು.

ಅಷ್ಟು ಇಟಾಲಿಯನ್ ನನಗೂ ತಿಳಿಯಿತು. ಆ ಎಂಟು ತಿಂಗಳು ಆಕೆಯೂ ಸುಮ್ಮನೆ ಕೂತಿರಲಿಲ್ಲ. ಸೊಸೆಯಿಂದ ನಮ್ಮ ಚಿಕ್ಕಪ್ಪನನ್ನು ಕಲಿತಿದ್ದರು.

ಚಿಕ್ಕಪ್ಪ ತಲೆ ಎತ್ತದೆ ಉಂಡರು. ಮಗಳು ಅವರ ಬೆನ್ನ ಮೇಲೆ ಕೈಯಿಟ್ಟು ನಿಂತಳು. ಜೀವನದಲ್ಲಿ ಯಾರ ಮನೆಯಲ್ಲೂ ಬಾಯಿಬಿಟ್ಟು ಏನನ್ನೂ ಕೇಳದ ಮನುಷ್ಯ, ತಟ್ಟೆ ಖಾಲಿಯಾದ ಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೀಗಿತ್ತಿಯ ಮುಂದೆ ಚಾಚಿದರು.

"ಆಂಕೋರಾ" ಎಂದರು. ಇನ್ನೂ ಹಾಕಿ ಎಂದು.